ಮಡಚದ ಕಂಬಳಿ

ರಾಮಗಿರಿ ಸ್ಟೇಷನ್

ಪರದೇಶಕ್ಕೆ ಹೋಗಿಬಂದವರೆಲ್ಲ ಬೊಂಬಾಯಿಯ ವಿಮಾನ ನಿಲ್ದಾಣದಿಂದ ಕಥೆ ಶುರುಮಾಡುತ್ತಾರೆ. ನನ್ನ ಪರದೇಶ ಶುರುವಾದದ್ದು ರಾಮಗಿರಿ ಸ್ಟೇಷನ್ನಿನ ಬೇವಿನ ಮರದ ಕೆಳಗೆ. ಆ ಊರಲ್ಲಿ ನಮ್ಮ ಸೋದರಮಾವನ ಮನೆಯಿದೆ. ನಾನೂ ಅಕ್ಕನೂ ಹಿಂದಿನ ದಿನವೇ ಅಲ್ಲಿಗೆ ಬಂದು ಉಳಿದು, ಬೆಳಗಿನ ರೈಲಿಗೆ ಕಾಯುತ್ತ ಕೂತಿದ್ದೆವು. ರೈಲು ಯಾವತ್ತಿನಂತೆ ತಡವಾಗಿತ್ತು. ಗುಡ್ಡದ ನೆತ್ತಿಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಅಕ್ಕ ನನ್ನ ಚೀಲದ ಮೇಲೆ ಕೂತು, ಗುಡ್ಡ ನೋಡುತ್ತ, ಕದಿರು ತಿರುಗಿಸಿ ಉಣ್ಣೆ ನೂಲುತ್ತಿದ್ದಳು. ಕಣ್ಣು ಎಲ್ಲಿದ್ದರೂ ಅವಳ ಬೆರಳಿಗೆ ಕೆಲಸ ತಪ್ಪುವುದಿಲ್ಲ.

ನಾನು ಹೊಸದುರ್ಗದ ಉಣ್ಣೆ ನೇಯ್ಗೆ ತರಬೇತಿ ಕೇಂದ್ರದಲ್ಲಿ ಮೇಷ್ಟ್ರು. ಹೆಸರು ತಿಮ್ಮಪ್ಪ. ಹುಟ್ಟಿದ್ದು ಮಾಡದಕೆರೆ ಕಡೆಯ ಹಟ್ಟಿಯಲ್ಲಿ. ಕುರಿ, ಕಂಬಳಿ ಬಿಟ್ಟರೆ ನಮ್ಮ ಮನೆತನಕ್ಕೆ ಬೇರೆ ವಿದ್ಯೆ ಗೊತ್ತಿಲ್ಲ. ಕೆನಡಾ ಎಂಬ ದೇಶದಲ್ಲಿ ಕೈಮಗ್ಗದವರ ಒಂದು ಸಂಘವಿದೆಯಂತೆ. ಅವರಿಗೆ ನಮ್ಮ ಸೀಮೆಯ ಕರಿ ಕಂಬಳಿಯ ಮೇಲೆ ಮನಸ್ಸಾಗಿ, ನೇಯ್ದು ತೋರಿಸುವ ಒಬ್ಬರನ್ನು ಕಳಿಸಿ ಎಂದು ಬರೆದಿದ್ದರು. ನನಗೆ ಹರಕು ಮುರುಕು ಇಂಗ್ಲಿಷ್ ಬರುತ್ತದೆ ಎಂಬ ತಪ್ಪು ತಿಳಿವಳಿಕೆಯ ಮೇಲೆ ನನ್ನನ್ನು ಆರಿಸಿದರು.

ಅಕ್ಕನ ಹೆಸರು ಲಕ್ಕಮ್ಮ. ಮಗುವಾಗಿದ್ದಾಗ ಬಂದ ಜ್ವರದಲ್ಲಿ ಎರಡು ಕಾಲೂ ಸೋತವು. ಚಿತ್ರದುರ್ಗದಲ್ಲಿ ಮಾಡಿಸಿದ ಕಬ್ಬಿಣದ ಬೂಟು ಹಾಕಿಕೊಂಡು, ಎರಡು ಕೋಲು ಊರಿ, ಅಂಗಳಕ್ಕೂ ನೆರೆಮನೆಗೂ ತಾನೇ ಹೋಗಿಬರುತ್ತಾಳೆ. ಬೂಟು ಇಲ್ಲದಿದ್ದರೆ ಯಾರಾದರೂ ಹೊತ್ತುಕೊಂಡೇ ಹೋಗಬೇಕು. ನಾನು ನೇಯುವ ಕಂಬಳಿಯ ಪ್ರತಿ ಎಳೆಯೂ ಅವಳು ನೂತದ್ದು. ನೇಕಾರರ ಮನೆಯವರಿಗೆಂದು ಸರ್ಕಾರದ ಒಂದು ಆರೋಗ್ಯ ವಿಮೆ ಇತ್ತು. ಅದರಲ್ಲೇ ಚಿತ್ರದುರ್ಗದಲ್ಲಿ ಅವಳ ಬೂಟಿನ ಪಟ್ಟಿ, ತಿರುಪು ಎಲ್ಲ ರಿಪೇರಿಯಾಗುತ್ತಿದ್ದವು. ಆ ವರ್ಷ ಮೇಲಿನಿಂದ ಆದೇಶ ಬಂತು: ಇನ್ನು ಮುಂದೆ ಮಗ್ಗದ ಮೇಲೆ ಕೂರುವವರಿಗೆ ಮಾತ್ರ ವಿಮೆ. ಗುಣಿಮಗ್ಗಕ್ಕೆ ಕಾಲು ಇಳಿಬಿಟ್ಟು ಕೂರಬೇಕು, ಕಾಲಿನಿಂದಲೇ ಮೆಟ್ಟಬೇಕು. ಕಾಲಿಲ್ಲದವರು ಅಲ್ಲಿ ಕೂರುವುದು ಹೇಗೆ ಎಂದು ಆದೇಶ ಬರೆದವರು ಯೋಚಿಸಿರಲಿಲ್ಲ. ನೂಲುವುದು ಅವರ ಲೆಕ್ಕದಲ್ಲಿ ಕೆಲಸವೇ ಅಲ್ಲ. ನಮ್ಮವರು ಯಾರೂ ಏನೂ ಕೇಳಲಿಲ್ಲ. ಆಲಿಕಲ್ಲು ಬಿದ್ದರೆ ಯಾರನ್ನು ಕೇಳುವುದು, ಹಾಗೆಯೇ ಆದೇಶವನ್ನೂ ಬಿಟ್ಟರು. ಅಕ್ಕ ಹರಿದ ಪಟ್ಟಿಯ ಜಾಗಕ್ಕೆ ಉಣ್ಣೆಯ ಹುರಿ ಹೊಸೆದು ಕಟ್ಟಿಕೊಂಡಳು.

ರೈಲಿನ ಹೊಗೆ ಕಂಡಾಗ ಅವಳು ಮಡಿಲಿನಲ್ಲಿದ್ದ ಕರಿ ಕಂಬಳಿಯನ್ನು ನನಗೆ ಕೊಟ್ಟಳು.

"ತಿಮ್ಮ, ಎಲ್ಲಾರ ಮಾತಿಗೆ ಕುಂತ್ರೆ ಇದನ್ನ ಹಾಸ್ಕಂಡು ಕುಂತ್ಕ. ಬರೀ ನೆಲದ ಮ್ಯಾಲೆ ಆಡಿದ ಮಾತು ನಿಲ್ಲಲ್ಲ."

ಇದು ನಮ್ಮ ಹಟ್ಟಿಯ ರೂಢಿ. ನ್ಯಾಯದ ಮಾತಿಗೆ ಕಂಬಳಿ ಹಾಸುತ್ತಾರೆ. ಚಪ್ಪಲಿ ಕಾಲಲ್ಲಿ ಅದನ್ನು ತುಳಿಯುವಂತಿಲ್ಲ. ಅದರ ಮೇಲೆ ಕೂತು ಸುಳ್ಳಾಡುವಂತಿಲ್ಲ. ಒಮ್ಮೆ ಹಾಸಿದರೆ ಮಾತು ತೀರುವ ತನಕ ಮಡಚುವಂತಿಲ್ಲ. ಮಳೆ ಬಂದರೂ ನೆನೆಯುತ್ತ ಕೂತಿದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಪರದೇಶದಲ್ಲಿ ನನ್ನನ್ನು ಯಾರು ನ್ಯಾಯಕ್ಕೆ ಕರೆಯುತ್ತಾರೆ ಎಂದು ನಕ್ಕು ರೈಲು ಹತ್ತಿದೆ. ಕಿಟಕಿಯಲ್ಲಿ ನೋಡಿದರೆ ಬೇವಿನ ಮರ, ಅದರ ಬುಡದಲ್ಲಿ ಅಕ್ಕ, ಅವಳ ಕೈಯಲ್ಲಿ ತಿರುಗುತ್ತಲೇ ಇದ್ದ ಕದಿರು. ಆಮೇಲೆ ಮೂರೂ ಸೇರಿ ಒಂದು ಚುಕ್ಕೆಯಾದವು.

ಕಂಬಳಿಯ ತಪಾಸಣೆ

ವಿಮಾನದಲ್ಲಿ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಕಿಟಕಿಯ ಹೊರಗೆ ಮೋಡಗಳು ಆಗತಾನೇ ಎಕ್ಕಿ ಬಿಡಿಸಿದ ಉಣ್ಣೆಯ ಹಾಗೆ ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವು. ಇದನ್ನೆಲ್ಲ ನೂಲಲು ಅಕ್ಕನಿಗೆ ಎಷ್ಟು ಜನ್ಮ ಬೇಕು ಎಂದು ಲೆಕ್ಕ ಹಾಕುತ್ತ ಕಣ್ಣು ಮುಚ್ಚುತ್ತಿದ್ದೆ. ಕಣ್ಣು ತೆರೆದಾಗಲೂ ಹೊರಗೆ ಅದೇ ಬೆಳಕು. ಸೂರ್ಯ ನಮ್ಮ ಜೊತೆಗೇ ಹೊರಟವನಂತೆ ಮುಳುಗುವುದನ್ನೇ ಮರೆತಿದ್ದ.

ಇಳಿದ ಮೇಲೆ ಸಾಮಾನು ತಪಾಸಣೆಯ ಅಧಿಕಾರಿ ನನ್ನ ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಮೂಸಿದ. ಮಗ್ಗದ ಉದ್ದಕ್ಕೆ ಎಳೆಯುವ ಹಾಸಿನ ನೂಲಿಗೆ ನಾವು ಹುಣಸೆಬೀಜದ ಗಂಜಿ ಹಾಕುತ್ತೇವಲ್ಲ, ಆ ವಾಸನೆ ಅವನಿಗೆ ಎಲ್ಲಿಯದೆಂದು ತಿಳಿಯಲಿಲ್ಲ. ಆಮೇಲೆ ದೀಪದ ಕೆಳಗೆ ಹರಡಿ ಅದರಲ್ಲಿದ್ದ ಕೂದಲು ಹುಡುಕತೊಡಗಿದ. ಕಂಬಳಿಯಲ್ಲಿ ಕೂತು ಉಂಡು ಕೂದಲು ಆರಿಸಿದ ಹಾಗೆ ಎಂಬ ಗಾದೆಯನ್ನು ನಾನು ಅದುವರೆಗೆ ಬಾಯಲ್ಲಿ ಆಡಿದ್ದೆ, ಕಣ್ಣಲ್ಲಿ ನೋಡಿರಲಿಲ್ಲ. ಕೊನೆಗೆ ಯಾವುದೋ ಔಷಧಿಯ ಪುಡಿ ಎರಚಿ, ಕ್ಷಮಿಸಿ ಎಂದು ಹೇಳಿ ವಾಪಸು ಕೊಟ್ಟ. ಆ ದೇಶದಲ್ಲಿ ಕ್ಷಮಿಸಿ ಎನ್ನುವುದು ನಮ್ಮಲ್ಲಿ "ಊಟ ಆಯ್ತಾ" ಎಂದ ಹಾಗೆ. ದಾರಿಯಲ್ಲಿ ನಾನೇ ಅವರ ಕಾಲು ತುಳಿದರೂ ಅವರೇ ಕ್ಷಮೆ ಕೇಳುತ್ತಿದ್ದರು.

ಬಯಲು

ನನ್ನನ್ನು ಕರೆದೊಯ್ದದ್ದು ಆ ದೇಶದ ಬಯಲುಸೀಮೆಗೆ. ಬಯಲೆಂದರೆ ಏನೆಂದು ಹಿರಿಯೂರು ಕಡೆಯ ಎರೆಹೊಲ ನೋಡಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದುಕೊಂಡಿದ್ದೆ. ಆದರೆ ನಮ್ಮ ಬಯಲಿನ ಕೊನೆಯಲ್ಲಿ ಒಂದು ಗುಡ್ಡವಾದರೂ ಇರುತ್ತದೆ. ಜೋಗಿಮಟ್ಟಿಯೋ ಇನ್ನೊಂದೋ ನಿಂತು, ಇಲ್ಲಿಗೆ ಮುಗಿಯಿತು ಎನ್ನುತ್ತದೆ. ಅಲ್ಲಿ ಹಾಗೆ ಹೇಳುವವರೇ ಇಲ್ಲ. ಗೋಧಿ ಕುಯ್ದ ಹೊಲ ಹೋಗಿ ಹೋಗಿ ಆಕಾಶದೊಳಕ್ಕೇ ಇಳಿದುಬಿಟ್ಟಿತ್ತು. ಮೊದಲ ಕೆಲವು ದಿನ ಹಗಲೆಲ್ಲ ನಿದ್ದೆ, ಇರುಳೆಲ್ಲ ಎಚ್ಚರ. ಆ ಬಯಲನ್ನು ನಾನು ನಿಜವಾಗಿ ನೋಡಿದೆನೋ ಕನಸಿನಲ್ಲಿ ಕಂಡೆನೋ ಈಗಲೂ ಖಾತ್ರಿಯಿಲ್ಲ.

ಉಳಿಯಲು ಜಾಗ ಕೊಟ್ಟವರು ಎಡ್ನಾ ಎಂಬಾಕೆ. ಕೈಮಗ್ಗದ ಸಂಘದ ಕಾರ್ಯದರ್ಶಿ. ನನ್ನ ಅಕ್ಕನಿಗಿಂತ ಸ್ವಲ್ಪ ದೊಡ್ಡವರು. ಅಕ್ಕನಿಗೆ ಬಂದ ಜ್ವರವೇ ಅವರಿಗೂ ಬಂದಿತ್ತಂತೆ, ಆದರೆ ಹರೆಯದಲ್ಲಿ, ಇನ್ನೂ ಹೆಚ್ಚು ಕ್ರೂರವಾಗಿ. ತಲೆಯೊಂದು, ಬಲಗೈಯ ಎರಡು ಬೆರಳು ಬಿಟ್ಟರೆ ಮೈಯಲ್ಲಿ ಬೇರೇನೂ ಆಡುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತು, ತಂತಿಗೆ ಸಿಕ್ಕಿಸಿದ ಟೆಲಿಫೋನಿಗೆ ಕಿವಿಯೊಡ್ಡಿ, ಇಡೀ ಪ್ರಾಂತ್ಯದ ನೇಕಾರರನ್ನು ಗದರಿಸುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಟಿಮ್ ಆಯಿತು. ಮೊದಮೊದಲು ಯಾರನ್ನು ಕರೆಯುತ್ತಿದ್ದಾರೆಂದು ಹಿಂದೆ ತಿರುಗಿ ನೋಡುತ್ತಿದ್ದೆ.

ಅವರ ಕೈಕಾಲಾಗಿದ್ದವಳು ಓಲ್ಗಾ. ಬೇರೆ ದೇಶದಿಂದ ಬಂದು ನೆಲೆಸಿದ ದಪ್ಪನೆಯ ಹೆಂಗಸು. ಅವಳ ಇಂಗ್ಲಿಷೂ ನನ್ನ ಹಾಗೆಯೇ ಕುಂಟುತ್ತಿದ್ದುದರಿಂದ ನಮ್ಮಿಬ್ಬರಿಗೆ ಬೇಗ ಹೊಂದಿತು. ಎಡ್ನಾರನ್ನು ಎಬ್ಬಿಸುವುದು, ತೊಳೆಯುವುದು, ತಲೆ ಬಾಚುವುದು, ಕಾಫಿ ಕುಡಿಸುವುದು, ರಾತ್ರಿ ಮಗ್ಗುಲು ತಿರುಗಿಸುವುದು ಎಲ್ಲ ಅವಳೇ. ಅವಳಿಗೆ ಸಂಬಳ ಕೊಡುವುದು ಪ್ರಾಂತ್ಯದ ಸರ್ಕಾರ ನಡೆಸುವ ಆರೋಗ್ಯ ವಿಮೆ. ಇದು ನನ್ನ ತಲೆಗೆ ಹೋಗಲು ಬಹಳ ಹೊತ್ತು ಬೇಕಾಯಿತು. ನಮ್ಮಲ್ಲಿ ಸರ್ಕಾರ ನಲ್ಲಿಯಲ್ಲಿ ನೀರು ಬಿಟ್ಟರೇ ದೊಡ್ಡದು, ಕುಡಿಸಲಿಕ್ಕೂ ಆಳು ಕಳಿಸುತ್ತದೆಯೇ ಎಂದು ಕೇಳಿದೆ. ನಿಮ್ಮ ಅಕ್ಕನಿಗೆ ಯಾರು ಕುಡಿಸುತ್ತಾರೆ ಎಂದು ಎಡ್ನಾ ಕೇಳಿದರು. ಅವಳೇ ಕುಡಿಯುತ್ತಾಳೆ, ಹೊರುವುದು ಮಾತ್ರ ನಾನು ಎಂದೆ. ನೀವು ಇಲ್ಲಿದ್ದೀರಲ್ಲ, ಈಗ ಯಾರು ಹೊರುತ್ತಾರೆ ಎಂದು ಕೇಳಿದರು. ಹುರಿ ಕಟ್ಟಿದ ಬೂಟು ನೆನಪಾಯಿತು. ಬೂಟು ಇದೆ ಎಂದೆ.

ಊಟದ ವಿಷಯ ಹೇಳದಿದ್ದರೆ ಓದುಗರು ಬಿಡುವುದಿಲ್ಲ. ತಣ್ಣನೆಯ ಬ್ರೆಡ್ಡು, ಉಪ್ಪಿಲ್ಲದ ಆಲೂಗಡ್ಡೆ. ಮುದ್ದೆಯ ನೆನಪಾಗಿ ಒಂದು ಮಧ್ಯಾಹ್ನ ಕಣ್ಣಲ್ಲಿ ನೀರೇ ಬಂತು. ಅದನ್ನು ಕಂಡ ಓಲ್ಗಾ, ಹಿಟ್ಟು ಲಟ್ಟಿಸಿ ಒಳಗೆ ಆಲೂಗಡ್ಡೆ ತುಂಬಿ ಬೇಯಿಸಿದ ಅವಳ ಊರಿನ ಕಡುಬು ಮಾಡಿಕೊಟ್ಟಳು. ಸಾಕು ಎಂದಷ್ಟೂ ಬಡಿಸಿದಳು. ಆ ಒಂದು ಗುಣದಲ್ಲಿ ಅವಳು ಹೊಳಲ್ಕೆರೆಯ ನಮ್ಮ ಅತ್ತೆಯೇ ಸರಿ.

ಎಡ್ನಾ ಅವರ ಅಡುಗೆಮನೆ

ಒಂದು ದಿನ ನೇಯ್ಗೆ ತೋರಿಸಿ ಮನೆಗೆ ಬಂದರೆ ಅಡುಗೆಮನೆಯ ಮೇಜಿನ ತುಂಬ ರಟ್ಟಿನ ಹಲಗೆಗಳು. ಓಲ್ಗಾ ಕುಂಚ ಹಿಡಿದು ಕೆಂಪು ಅಕ್ಷರ ತಿದ್ದುತ್ತಿದ್ದಾಳೆ. "ನೋ ಕಟ್ಸ್", ಅಂದರೆ ಕತ್ತರಿ ಬೇಡ, ಎಂದು ಓದಿಕೊಂಡೆ. ನನಗೆ ಗೊತ್ತಿದ್ದ ಕಟ್ಟು ಎರಡೇ. ಒಂದು ಹೊಸದುರ್ಗ ಬಸ್‌ಸ್ಟ್ಯಾಂಡಿನ ಕಟಿಂಗ್ ಶಾಪಿನದು. ಇನ್ನೊಂದು ಕುರಿಯದು. ಉಣ್ಣೆಯ ಸಂಘದವರ ಮನೆಯಲ್ಲಿ ಕಟ್ಟು ಎಂದರೆ ಕುರಿಯದ್ದೇ ಇರಬೇಕು, ಈ ಜನ ನಾಯಿಯನ್ನು ಮಂಚದ ಮೇಲೆ ಮಲಗಿಸುವವರು, ಕುರಿಗೆ ನೋವಾಗುತ್ತದೆಂದು ಉಣ್ಣೆ ಕತ್ತರಿಸುವುದನ್ನೇ ನಿಲ್ಲಿಸಲು ಹೊರಟಿದ್ದಾರೆ ಎಂದು ನನಗನ್ನಿಸಿತು. ಕುಲಕಸುಬಿನ ಪ್ರಶ್ನೆ. ಸುಮ್ಮನಿರಲಾಗಲಿಲ್ಲ. ಕತ್ತರಿಸದಿದ್ದರೆ ಕುರಿಗೆ ಹೇನಾಗುತ್ತದೆ, ಮಳೆಯಲ್ಲಿ ಉಣ್ಣೆ ನೆಂದು ಭಾರವಾಗಿ ಬಿದ್ದೇಹೋಗುತ್ತದೆ, ಹದ ನೋಡಿ ಕತ್ತರಿಸುವುದೇ ಅದಕ್ಕೆ ಸುಖ ಎಂದು ಕೈಬಾಯಿ ಸೇರಿಸಿ ವಿವರಿಸಿದೆ.

ಎಡ್ನಾ ಮೊದಲು ಕಣ್ಣರಳಿಸಿ ಕೇಳಿದರು. ಆಮೇಲೆ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಸುರಿಯಿತು. ನೀರು ಕೆನ್ನೆಗಿಳಿದು, ಗದ್ದಕ್ಕಿಳಿದು, ಕತ್ತಿನೊಳಗೆ ಇಳಿಯುತ್ತಿದ್ದರೂ ಅವರು ಒರೆಸಿಕೊಳ್ಳಲಿಲ್ಲ. ಒರೆಸಿಕೊಳ್ಳಲು ಅವರಿಗೆ ಕೈ ಏಳುವುದಿಲ್ಲ ಎಂಬುದು ನನಗೆ ಹೊಳೆಯುವಷ್ಟರಲ್ಲಿ ಓಲ್ಗಾ ಕುಂಚ ಕೆಳಗಿಟ್ಟು, ಸೆರಗಿನಂತಿದ್ದ ತನ್ನ ಬಟ್ಟೆಯ ತುದಿಯಿಂದ ಒರೆಸಿದಳು.

ಅವಳ ಕಡೆ ಕಣ್ಣಲ್ಲೇ ತೋರಿಸಿ ಎಡ್ನಾ ಹೇಳಿದರು: "ಟಿಮ್, ಅವರು ಕತ್ತರಿಸಲು ಹೊರಟಿರುವುದು ಇದನ್ನು."

ಆಮೇಲೆ ನಿಧಾನವಾಗಿ ತಿಳಿಸಿದರು. ಕಚ್ಚಾ ಎಣ್ಣೆಯ ಬೆಲೆ ಏರಿದೆಯೆಂದು ಸರ್ಕಾರ ಖರ್ಚು ಇಳಿಸುತ್ತಿದೆ. ವಿಮೆ ಇನ್ನು ಓಲ್ಗಾಳಂಥವರಿಗೆ ದಿನಕ್ಕೊಂದು ತಾಸಿನ ಸಂಬಳ ಮಾತ್ರ ಕೊಡುತ್ತದೆ. ಒಂದು ತಾಸಿನಲ್ಲಿ ದಿನದ ಕೆಲಸವೆಲ್ಲ ಮುಗಿಸಿಕೊಳ್ಳಲಾಗದವರು ಮನೆ ಬಿಟ್ಟು ದೂರದ ಒಂದು ದೊಡ್ಡ ಕಟ್ಟಡಕ್ಕೆ ಹೋಗಬೇಕು. ಹರೆಯದಲ್ಲಿ ಎಡ್ನಾ ಅಂಥದರಲ್ಲೇ ವರ್ಷಗಟ್ಟಲೆ ಇದ್ದರಂತೆ. ಸಾಲು ಸಾಲು ಮಂಚ. ಹೊತ್ತು ಮುಳುಗುವ ಮೊದಲೇ ಮಲಗಿಸುವುದು. ಕಿಟಕಿಗಳು ಎತ್ತರದಲ್ಲಿದ್ದು, ಮಲಗಿದವರಿಗೆ ಆಕಾಶದ ಒಂದು ತುಂಡು ಮಾತ್ರ ಕಾಣುತ್ತಿತ್ತಂತೆ. ಈಗಿನ ಮನೆಯ ಕಿಟಕಿಯನ್ನು ಅವರು ಗಾಲಿಕುರ್ಚಿಯ ಎತ್ತರಕ್ಕೆ ಒಡೆಸಿ ಹೊಸದಾಗಿ ಇಡಿಸಿದ್ದರು. ಹೊರಗೆ ಬಯಲು ಪೂರ್ತಿ ಕಾಣುತ್ತಿತ್ತು. ಮತ್ತೆ ಆ ಎತ್ತರದ ಕಿಟಕಿಗೆ ನಾನು ಹೋಗಲಾರೆ ಎಂದರು. ಈ ಸಲ ಅವರ ದನಿಯಲ್ಲಿ ನಗುವಿರಲಿಲ್ಲ.

ನನಗೆ ಅಪ್ಪನ ಮಾತು ನೆನಪಾಯಿತು. ಉಣ್ಣೆ ಕತ್ತರಿಸುವ ದಿನ ಕುರಿ ಅಟ್ಟಿಸಿಕೊಂಡು ಓಡಿ ಸುಸ್ತಾಗಿ ನಾವು ಹುಡುಗರು ಕುಂಟ ಕುರಿಯನ್ನೇ ಮೊದಲು ಹಿಡಿದು ತಂದರೆ ಅವನು ಬೈಯುತ್ತಿದ್ದ. ಓಡಲಾರದ್ದು ಮೊದಲು ಕೈಗೆ ಸಿಗುತ್ತದೆ, ಸಿಕ್ಕಿತೆಂದು ಅದಕ್ಕೇ ಮೊದಲು ಕತ್ತರಿ ಇಕ್ಕಬಾರದು ಎನ್ನುತ್ತಿದ್ದ. ಚಳಿಗೆ ಮೊದಲು ನಡುಗುವುದೂ ಅದೇ. ಇದನ್ನು ಎಡ್ನಾರಿಗೆ ಹೇಳಿದೆ. ಅವರು ಒಂದು ಹಲಗೆ ನನ್ನ ಕಡೆ ತಳ್ಳಲು ಓಲ್ಗಾಳಿಗೆ ಹೇಳಿದರು. ಇಂಗ್ಲಿಷ್ ಬೇಡ, ನಿಮ್ಮ ಅಕ್ಷರದಲ್ಲೇ ಬರೆಯಿರಿ ಎಂದರು. ಹೀಗೆ ಕೆನಡಾ ದೇಶದ ಒಂದು ರಟ್ಟಿನ ಮೇಲೆ "ಓಡಲಾರದ ಕುರಿಗೆ ಮೊದಲು ಕತ್ತರಿ ಬೇಡ" ಎಂದು ದುಂಡಗೆ ಕನ್ನಡದಲ್ಲಿ ಬರೆದೆ.

ಹಿಂಬಾಗಿಲು

ಹಲಗೆಗಳನ್ನು ಹಿಡಿದು ಪ್ರಾಂತ್ಯದ ರಾಜಧಾನಿಗೆ ಹೊರಟ ಬೆಳಿಗ್ಗೆ ಮೊದಲ ಹಿಮ ಬಿತ್ತು. ಸದ್ದೇ ಇಲ್ಲ. ಮಳೆಯಾದರೆ ಬರುವ ಮುಂಚೆ ಗುಡುಗಿಯಾದರೂ ಹೇಳುತ್ತದೆ. ಇದು ಯಾರನ್ನೂ ಕೇಳದೆ ಬಂದು ರಸ್ತೆ, ಮರ, ನನ್ನ ಟೋಪಿ ಎಲ್ಲವನ್ನೂ ಮುಚ್ಚಿ ಕೂತಿತು. ವ್ಯಾನಿನಲ್ಲಿ ಎಡ್ನಾ ನಿದ್ದೆಹೋದರು. ಅವರ ತಲೆ ಓಲ್ಗಾಳ ಹೆಗಲ ಮೇಲಿತ್ತು. ಹೊರಗಿನ ಬಿಳುಪಿನಲ್ಲಿ ನಾವು ಮುಂದೆ ಹೋಗುತ್ತಿದ್ದೇವೋ ನಿಂತಲ್ಲೇ ಇದ್ದೇವೋ ತಿಳಿಯುತ್ತಿರಲಿಲ್ಲ.

ಸರ್ಕಾರದ ಕಚೇರಿಯ ಮುಂದೆ ಅರಮನೆಯಂಥ ಮೆಟ್ಟಿಲುಗಳು. ಗಾಲಿಕುರ್ಚಿಯವರೆಲ್ಲ ಹಿಂದಕ್ಕೆ ಹೋಗಿ, ಕಸದ ಡಬ್ಬಿಗಳ ನಡುವೆ, ಅಡುಗೆಯವರು ಬರುವ ಬಾಗಿಲಿನಿಂದ ಒಳಗೆ ಬರಬೇಕಾಯಿತು. ಕುರುಡರು, ಕಾಲಿಲ್ಲದವರು, ಮಾತು ತೊದಲುವ ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ನನ್ನ ಕನ್ನಡದ ಹಲಗೆಯನ್ನು ಪತ್ರಿಕೆಯವರು ಸುತ್ತುವರಿದು ಫೋಟೋ ತೆಗೆದರು. ಒಬ್ಬಳು ಇದು ಭಾರತದ ಋಷಿಗಳ ಮಂತ್ರವೇ ಎಂದು ಕೈಮುಗಿದು ಕೇಳಿದಳು. ಕುರಿಯ ವಿಷಯ ಎಂದೆ. ಅವಳು ಇನ್ನೂ ಭಕ್ತಿಯಿಂದ ತಲೆಯಾಡಿಸಿದಳು.

ಅವರ ಉದ್ದೇಶ ಅರ್ಜಿ ಕೊಟ್ಟು, ಸ್ವಲ್ಪ ಹೊತ್ತು ನಿಂತು, ಮನೆಗೆ ಹೋಗುವುದು ಅಷ್ಟೇ. ಅದು ನನಗೆ ಗೊತ್ತಿರಲಿಲ್ಲ. ಅರ್ಜಿ ತೆಗೆದುಕೊಳ್ಳುವ ದೊಡ್ಡ ಅಧಿಕಾರಿ ಯಾವುದೋ ಸಭೆಯಲ್ಲಿದ್ದರು. ಕಾಯುತ್ತ ಕಾಯುತ್ತ ಎಡ್ನಾರ ಬೆನ್ನು ನೋಯತೊಡಗಿ ಮುಖ ಬಿಳಿಚಿತು. ಮಲಗಬೇಕು ಎಂದರು. ಬೆಂಚೂ ಇಲ್ಲದ ಆ ಕಲ್ಲುಹಾಸಿನ ಪಡಸಾಲೆಯಲ್ಲಿ ನಾನು ಹೆಗಲ ಮೇಲಿದ್ದ ಅಕ್ಕನ ಕಂಬಳಿಯನ್ನು ಕೊಡವಿ ಹಾಸಿದೆ. ಓಲ್ಗಾ ಮತ್ತು ನಾನು ಸೇರಿ ಅವರನ್ನು ಮಲಗಿಸಿದೆವು. ಕಂಬಳಿ ಹಾಸಿದ ಮೇಲೆ ಮಾತಿಗೆ ಕೂತಂತೆಯೇ ಅಲ್ಲವೇ? ಅಭ್ಯಾಸಬಲದಿಂದ ಬೂಟು ಬಿಚ್ಚಿ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಪಕ್ಕದಲ್ಲಿದ್ದ ಒಂಟಿಕಾಲಿನ ಮುದುಕ ನನ್ನನ್ನೇ ನೋಡುತ್ತಿದ್ದವನು, ಇದ್ದ ಒಂದೇ ಶೂ ಬಿಚ್ಚಿಟ್ಟು ಬಂದು ಕೂತ. ಕುರುಡಿಯೊಬ್ಬಳು ಕಂಬಳಿಯ ಅಂಚನ್ನು ಬೆರಳಿನಿಂದ ಓದಿ, ತಾನೂ ಕೂತಳು.

ಕಾವಲುಗಾರ ಬಂದು, ದಾರಿಗೆ ಅಡ್ಡವಾಗಿದೆ, ಮಡಚಿ ಎಂದ. ಹಾಸಿದ ಕಂಬಳಿಯನ್ನು ಮಾತು ತೀರದೆ ಮಡಚುವುದಿಲ್ಲ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವನಿಗೆ ತಿಳಿಯಲಿಲ್ಲ. ಆಗ ಓಲ್ಗಾ ಎದ್ದು ನಿಂತು, ಇದು ಇವರ ದೇಶದ ಕಾನೂನು, ಇವರು ವಿದೇಶದ ಅತಿಥಿ, ಮುಟ್ಟಿದರೆ ದೊಡ್ಡ ರಗಳೆಯಾಗುತ್ತದೆ ಎಂದು ಗಂಭೀರವಾಗಿ ಅನುವಾದಿಸಿದಳು. ಕಂಬಳಿಯ ಮೇಲೆ ಸುಳ್ಳಾಡಬಾರದು ಎಂದು ನಾನು ಅವಳಿಗೆ ಹೇಳಿರಲಿಲ್ಲ. ಪುಣ್ಯಕ್ಕೆ ಅವಳು ನಿಂತದ್ದು ಕಂಬಳಿಯಿಂದ ಆಚೆ. ಕಾವಲುಗಾರ ಕ್ಷಮಿಸಿ ಎಂದು ಹೇಳಿ ಮೇಲಿನವರಿಗೆ ಫೋನ್ ಮಾಡಲು ಹೋದ. ಮನೆಗೆ ಹೊರಡಲಿದ್ದವರೆಲ್ಲ, ಕಂಬಳಿ ಮಡಚುವ ತನಕ ತಾವೂ ಇರುತ್ತೇವೆಂದು ಸುತ್ತ ನಿಂತರು. ನನ್ನ ಒಂದು ತಪ್ಪು ತಿಳಿವಳಿಕೆಯಿಂದ ಅವರ ಗಳಿಗೆಯ ಕೆಲಸ ದೀಪ ಹಚ್ಚುವ ತನಕ ಎಳೆಯಿತು.

ಕೊನೆಗೆ ದೊಡ್ಡ ಅಧಿಕಾರಿ ಇಳಿದು ಬಂದರು. ಎತ್ತರದ ಆಳು, ದಣಿದ ಮುಖ, ಕೆಟ್ಟವರಂತೇನೂ ಕಾಣಲಿಲ್ಲ. ಎಡ್ನಾರ ಹತ್ತಿರ ಬರಲು ಕಂಬಳಿಯ ಮೇಲೆ ಕಾಲಿಡಬೇಕು ಎನ್ನುವಾಗ ನನ್ನ ಬಾಯಿಂದ ಅಪ್ಪಟ ಹಟ್ಟಿಯ ಕನ್ನಡ ಹೊರಬಿತ್ತು.

"ಕೆರ ಬಿಟ್ಟು ಬರ್ರಿ ಸ್ವಾಮಿ."

ಭಾಷೆ ತಿಳಿಯದಿದ್ದರೂ ನನ್ನ ಬೆರಳು ತಿಳಿಯಿತು. ಅವರು ಶೂ ಬಿಚ್ಚಿದರು. ಎಡಗಾಲಿನ ಕಾಲುಚೀಲ ತೂತಾಗಿ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಅದನ್ನು ಮರೆಮಾಡಲೆಂದೋ ಏನೋ ಬೇಗನೆ ಕಾಲು ಮಡಚಿ ಕೂತರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬರ್ಥದ ಮಾತನ್ನು ಅವರ ರೀತಿಯಲ್ಲಿ ಬಹಳ ಹೊತ್ತು ಹೇಳಿದರು. ಮುಗಿದ ಮೇಲೆ ಎಡ್ನಾ ನೀರು ಬೇಕು ಎಂದರು. ಓಲ್ಗಾ ಎದ್ದಳು. ಅವಳನ್ನು ಕಣ್ಣಿನಲ್ಲೇ ತಡೆದು, ನೀವು ಕುಡಿಸುತ್ತೀರಾ ಎಂದು ಆ ಅಧಿಕಾರಿಯನ್ನೇ ಕೇಳಿದರು.

ಅಧಿಕಾರಿ ಲೋಟ ಹಿಡಿದರು. ಮೊದಲು ಜಾಸ್ತಿ ಬಾಗಿಸಿದ್ದರಿಂದ ನೀರು ಕತ್ತಿಗೆ ಸುರಿಯಿತು, ಕಂಬಳಿಯ ಮೇಲೂ ಬಿತ್ತು. ಎಡ್ನಾ ಕೆಮ್ಮಿದರು. ತಲೆಯ ಕೆಳಗೆ ಕೈ ಕೊಡಬೇಕು ಎಂದು ಓಲ್ಗಾ ತೋರಿಸಿದಳು. ಅವರು ಕೈ ಕೊಟ್ಟರು. ಒಂದು ಗುಟುಕು, ಬಿಡುವು, ಇನ್ನೊಂದು ಗುಟುಕು. ಇಡೀ ಪಡಸಾಲೆ ಅದನ್ನೇ ನೋಡುತ್ತಿತ್ತು. ಕಿಟಕಿಯ ಹೊರಗೆ ಹಿಮ ಬೀಳುತ್ತಲೇ ಇತ್ತು. ಒಂದು ಲೋಟ ನೀರು ಕುಡಿಯಲು ಅಷ್ಟು ಹೊತ್ತು ಹಿಡಿಯುತ್ತದೆಂದು ನಾನು ಆ ಮನೆಯಲ್ಲಿದ್ದುಕೊಂಡೂ ಗಮನಿಸಿರಲಿಲ್ಲ.

"ಇಷ್ಟೇ ಕೆಲಸ," ಎಂದರು ಎಡ್ನಾ. "ಇದಕ್ಕೇ ನೀವು ಕತ್ತರಿ ಹಾಕುತ್ತಿರುವುದು."

ಅಧಿಕಾರಿ ಖಾಲಿ ಲೋಟವನ್ನು ಇನ್ನೂ ಹಿಡಿದೇ ಇದ್ದರು. ಮಾತು ಕೊಡಲು ತನಗೆ ಅಧಿಕಾರವಿಲ್ಲ, ಮೇಲೆ ಹೇಳುತ್ತೇನೆ ಎಂದಷ್ಟೇ ಹೇಳಿ, ಶೂಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋದರು.

ಮಾತು ತೀರಲಿಲ್ಲ. ಕಟ್ಟಡ ಮುಚ್ಚುವ ಹೊತ್ತಾಯಿತು. ಮಡಚುವಂತಿಲ್ಲ, ಬಿಟ್ಟುಬರುವಂತಿಲ್ಲ. ಆಗ ಒಂಟಿಕಾಲಿನ ಮುದುಕ ಉಪಾಯ ಹೇಳಿದ. ಎಡ್ನಾರನ್ನು ಕುರ್ಚಿಗೆ ಕೂರಿಸಿದ ಮೇಲೆ, ಕೈಯಿದ್ದವರೆಲ್ಲ ಕಂಬಳಿಯ ಅಂಚು ಹಿಡಿದು, ಹಾಸಿದ್ದು ಹಾಸಿದ ಹಾಗೇ ಚಪ್ಪರದಂತೆ ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಟೆವು. ಅದರ ಕೆಳಗೆ ಗಾಲಿಕುರ್ಚಿಗಳು ಒಂದರ ಹಿಂದೊಂದು ಉರುಳಿದವು. ಕರಿ ಕಂಬಳಿಯ ಮೇಲೆ ಬಿಳಿ ಹಿಮ ಕೂರುತ್ತಿತ್ತು. ಯಾರೋ ಸಣ್ಣಗೆ ಹಾಡುತ್ತಿದ್ದರು. ನನಗೆ ಭಾಷೆ ಗೊತ್ತಿರಲಿಲ್ಲ, ಆದರೆ ಆ ಹೊತ್ತಿನಲ್ಲಿ ನಾನು ಪರದೇಶದಲ್ಲಿದ್ದೇನೆ ಎಂಬುದೇ ಮರೆತಿತ್ತು.

ವ್ಯಾನಿನಲ್ಲೂ ಮಡಿಲುಗಳ ಮೇಲೆ ಹರಡಿಕೊಂಡೇ ತಂದು, ಎಡ್ನಾರ ಮನೆಯಲ್ಲಿ, ಆ ಕಿಟಕಿಯ ಕೆಳಗೆ ಹಾಸಿ, ಊರಿಗೆ ಹೊರಡುವಾಗ ಕಂಬಳಿಯನ್ನು ಹಾಗೇ ಬಿಟ್ಟು ಬಂದೆ. ಮಾತು ತೀರಿದ ದಿನ ಮಡಚಿ ಕಳಿಸುತ್ತೇನೆ ಎಂದರು ಎಡ್ನಾ. ಓಲ್ಗಾ ನನಗೆ ದಾರಿಗೆ ಕಡುಬು ಕಟ್ಟಿಕೊಟ್ಟು, ಸುತ್ತ ಗುಡಿಸುತ್ತೇನೆ, ತುಳಿಯುವುದಿಲ್ಲ ಎಂದು ಎದೆಮುಟ್ಟಿ ಹೇಳಿದಳು.

ಹಿರಿಯೂರಿನ ಮೇಲೆ

ಬೆಂಗಳೂರಿನ ಬಸ್ಸು ಹಿರಿಯೂರಿನಲ್ಲಿ ಇಳಿಸಿದಾಗ ಮಧ್ಯಾಹ್ನದ ಬಿಸಿಲು. ಕಣ್ಣಿಗೆ ಇನ್ನೂ ಹಿಮದ ಬಿಳುಪು ಅಂಟಿಕೊಂಡಿತ್ತು. ಹೊಸದುರ್ಗದ ಬಸ್ಸಿಗೆ ಕೈಯೂರಿ ತೆವಳುತ್ತ ಬಂದ ಒಬ್ಬ ಮುದುಕಿಯನ್ನು ಯಾರೋ ಇ‍ಬ್ಬರು ಮಾತಾಡದೆ ಎತ್ತಿ ಒಳಗೆ ಕೂರಿಸಿದರು. ಒಬ್ಬ ಬೀಡಿ ಕೂಡ ಬಾಯಿಂದ ತೆಗೆಯಲಿಲ್ಲ. ಅಲ್ಲಿ ಇದಕ್ಕೆ ಅರ್ಜಿ, ಕಚೇರಿ, ಕಾನೂನು ಎಲ್ಲ ಬೇಕು, ಇಲ್ಲಿ ಎರಡು ಜೊತೆ ಕೈ ಸಾಕು ಎಂದು ಹೆಮ್ಮೆಯೇ ಆಯಿತು. ಬಸ್ಸು ಹೊಸದುರ್ಗ ತಲುಪಿದಾಗ ಎತ್ತಿದ ಆ ಇಬ್ಬರೂ ಇರಲಿಲ್ಲ. ನಡುವೆ ಎಲ್ಲೋ ಇಳಿದು ಹೋಗಿದ್ದರು. ಮುದುಕಿ ಬಾಗಿಲಲ್ಲಿ ಕೂತು, ಬರುವವರ ಮುಖ ನೋಡುತ್ತಿದ್ದಳು. ನಾನು ಇಳಿಸಿದೆ. ಹೆಮ್ಮೆ ಅಲ್ಲಿಗೇ ಇಳಿಯಿತು.

ಮನೆಯಲ್ಲಿ ಅಕ್ಕನ ಬೂಟು ಗೂಟಕ್ಕೆ ನೇತಾಡುತ್ತಿತ್ತು. ಹುರಿ ತಡೆಯದೆ ತಿರುಪೂ ಕಿತ್ತುಹೋಗಿತ್ತಂತೆ. ಅಂಗೈಗೆ ಹಳೆ ಬಟ್ಟೆ ಸುತ್ತಿಕೊಂಡು ಅಂಗಳದಲ್ಲಿ ತೆವಳುತ್ತಿದ್ದಳು. ಅವಳಿಗೆ ಅದರ ಗೊಡವೆಯಿಲ್ಲ. ಕಂಬಳಿ ಎಲ್ಲಿ ಎಂದು ಕೇಳಿದಳು. ಕೂತು ಎಲ್ಲ ಹೇಳಿದೆ. ನೆರೆಯವರು ಹಿಮದ ಸುದ್ದಿ, ವಿಮಾನದ ಸುದ್ದಿ ಕೇಳಿದರು. ಅಕ್ಕ ಕೇಳಿದ್ದು ಒಂದೇ.

"ಆಯಮ್ಮ ಮನೇಲೇ ಐದಾಳಾ?"

ಗೊತ್ತಿಲ್ಲ ಎಂದೆ. ಆಮೇಲೆ ಎಷ್ಟೋ ದಿನ, ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಅವಳ ಕದಿರು ಒಂದು ಚಣ ನಿಲ್ಲುತ್ತಿತ್ತು.

ಚಿತ್ರದುರ್ಗ

ಬೇಸಿಗೆ ಮುಗಿಯುವ ಹೊತ್ತಿಗೆ ಪಾರ್ಸೆಲ್ಲು ಬಂತು. ನಮ್ಮ ಹಾಗೆ ನಾಲ್ಕು ಮಡಿಕೆಯಲ್ಲ, ಮೇಜಿನ ಬಟ್ಟೆಯಂತೆ ಚಿಕ್ಕದಾಗಿ ಮಡಚಿ ದಾರ ಕಟ್ಟಿದ ಕಂಬಳಿ. ಒಳಗೊಂದು ಫೋಟೋ: ಕಿಟಕಿಯ ಪಕ್ಕ ಎಡ್ನಾ, ಬಾಯಿಗೆ ಲೋಟ ಹಿಡಿದ ದಪ್ಪನೆಯ ಕೈ. ಫೋಟೋದ ಬೆನ್ನಿಗೆ ಎಡ್ನಾ ಹೇಳಿ ಬರೆಸಿದ ಒಂದೇ ಸಾಲು. ಈ ವರ್ಷಕ್ಕೆ ಅವರು ಕತ್ತರಿ ಒಳಗಿಟ್ಟಿದ್ದಾರೆ, ಓಲ್ಗಾ ಉಳಿದಳು.

ನಾನು ಓದಿ ಹೇಳಿದೆ. ಅಕ್ಕ ಫೋಟೋವನ್ನು ಬಹಳ ಹೊತ್ತು ನೋಡಿದಳು. ಕಂಬಳಿಯನ್ನು ಮೂಸಿದಳು. ಆ ಕಡೆಯ ಸೋಪಿನ ವಾಸನೆಯ ಕೆಳಗೆ ಹುಣಸೆಬೀಜದ ವಾಸನೆ ಇನ್ನೂ ಇದೆ ಎಂದಳು. ಆಮೇಲೆ ಗೂಟದ ಮೇಲಿದ್ದ ಬೂಟಿನ ಕಡೆ ನೋಡಿ, ನಮ್ಮದನ್ನು ಹಾಸುವುದು ಯಾವಾಗ ಎಂದು ಕೇಳಿದಳು. ಅಲ್ಲಿನ ಜನಕ್ಕೆ ಅದೆಲ್ಲ ನಡೆಯುತ್ತದೆ, ನಮ್ಮಲ್ಲಿ ಹಾಗೆ ಕಚೇರಿಗೆ ಹೋಗಿ ಕೂರುವ ರೂಢಿ ಎಲ್ಲಿದೆ ಎಂದೆ.

"ಕಂಬಳಿ ನಮ್ದು. ಹಾಸಾದನ್ನೂ ಅವರ ತಾವ ಕಲ್ತ್ಕಂಡು ಬಂದ್ಯೇನ್ಲೇ?" ಎಂದಳು. "ಕಾಲೇ ಚಾಚಾಕಾಗದೋರ ಹಾಸಿಗೆ ಕತ್ರಿಸಿದ್ರೆ ಯಾರಿಗೇನು ಉಳೀತೈತೆ? ಕೇಳಾಣ ನಡಿ."

ಅವಳನ್ನು ಬೆನ್ನ ಮೇಲೆ ಹೊತ್ತು ಬಸ್ಸು ಹತ್ತಿಸಿದೆ. ಅಕ್ಕ ಚಿತ್ರದುರ್ಗಕ್ಕೆ ಬೂಟಿನ ರಿಪೇರಿ ಬಿಟ್ಟು ಬೇರೆ ಕೆಲಸಕ್ಕೆ ಹೋದದ್ದು ಇದೇ ಮೊದಲು. ಕೋಟೆಯ ಬಂಡೆಗಳು ಬೆಳಗಿನ ಬಿಸಿಲಲ್ಲಿ ಮಲಗಿದ್ದವು. ಜೋಗಿಮಟ್ಟಿಯ ಕಡೆಯಿಂದ ಮೋಡವೊಂದು ನಿಧಾನವಾಗಿ ಇಳಿಯುತ್ತಿತ್ತು. ವಿಮೆಯ ಕಚೇರಿಯ ಜಗಲಿಯ ಮೇಲೆ ಕಂಬಳಿ ಕೊಡವಿ ಹಾಸಿ ಅವಳನ್ನು ಕೂರಿಸಿದೆ. ಅವಳು ಪಕ್ಕದಲ್ಲಿ ಮುರಿದ ಬೂಟು ಇಟ್ಟುಕೊಂಡು ಕದಿರು ತಿರುಗಿಸತೊಡಗಿದಳು. ಸುದ್ದಿ ಹೇಗೆ ಹೋಯಿತೋ, ಮಧ್ಯಾಹ್ನದ ಹೊತ್ತಿಗೆ ಹೊಳಲ್ಕೆರೆಯಿಂದ ಒಬ್ಬಳು ನೂಲುವವಳು ತಮ್ಮನ ಹೆಗಲ ಮೇಲೆ ಬಂದಳು. ಮಾರನೆಯ ದಿನ ಹಿರಿಯೂರು ಕಡೆಯಿಂದ ಊರುಗೋಲಿನ ಒಬ್ಬ ಮುದುಕ ಬಂದ. ಎಲ್ಲರೂ ಚಪ್ಪಲಿ ಅತ್ತ ಬಿಟ್ಟು ಅಂಚಿನಲ್ಲಿ ಕೂತರು. ಕೆರ ಹಾಕಲಾಗದಷ್ಟು ಸೋತ ಕಾಲಿನವರೂ ಒಮ್ಮೆ ಕಾಲು ಒರೆಸಿಕೊಂಡೇ ಕೂತರು.

ಒಳಗಿನಿಂದ ಸಾಹೇಬರು ಬಂದು ಜಗಲಿಯ ಅಂಚಿನಲ್ಲಿ ನಿಂತು, ಇದೇನು ಎದ್ದೇಳಿ ಎಂದರು. ಅಕ್ಕ ಕದಿರು ನಿಲ್ಲಿಸಲಿಲ್ಲ. ಮನೆಗೆ ಬಂದ ನೆಂಟರನ್ನು ಕರೆಯುವ ದನಿಯಲ್ಲಿ ಹೇಳಿದಳು:

"ಬರ್ರಿ, ಕುಂತ್ಕಳ್ರಿ. ಕೆರ ಮಾತ್ರ ಆ ಕಡೆ ಬಿಡ್ರಿ."

ಅವರು ಇನ್ನೂ ಕೂತಿಲ್ಲ. ಆದರೆ ಇವತ್ತು ಬೆಳಿಗ್ಗೆ ಬಂದವರು ಕಂಬಳಿಯ ಅಂಚಿನ ಹತ್ತಿರ ನಿಂತು, ತುಳಿಯದೆ, ಸುಮಾರು ಹೊತ್ತು ತಮ್ಮ ಬೂಟಿನ ದಾರ ನೋಡಿಕೊಳ್ಳುತ್ತಿದ್ದರು. ನಾನು ಇದನ್ನು ಬರೆಯುತ್ತಿರುವುದು ಆ ಕಂಬಳಿಯ ಮೂಲೆಯಲ್ಲಿ ಕೂತು. ಪಕ್ಕದಲ್ಲಿ ಅಕ್ಕ ನೂಲುತ್ತಿದ್ದಾಳೆ. ಕಂಬಳಿ ಇನ್ನೂ ಮಡಚಿಲ್ಲ.